ಲಸಿಕೆಯ ಗುರುತೋ, ರೋಗದ ಗುರುತೋ?

ಹಸುವಿನ ರಕ್ತದಲ್ಲಿ ಕಂದುರೋಗದ ಪ್ರತಿಕಾಯಗಳು ಕಂಡುಬಂದವೆಂದರೆ ಆ ಹಸು ರೋಗಗ್ರಸ್ತವೆಂದೇ ಕೊಳ್ಳುವವನು ಭಾವಿಸುತ್ತಾನೆ. ಮಾರುವವನಾದರೋ, "ಅದು ಲಸಿಕೆಯ ಗುರುತು ಸ್ವಾಮಿ, ರೋಗದ್ದಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಯಾರ ಮಾತು ದಿಟವೆಂಬುದನ್ನು ಆ ಒಂದು ಪರೀಕ್ಷೆ ಹೇಳಲಾರದು.

ಬ್ರೂಸೆಲ್ಲೋಸಿಸ್ ಎಂದು ವೈದ್ಯರು ಕರೆಯುವ ಈ ರೋಗ ತಗುಲಿದ ಹಸು ಎಮ್ಮೆಗಳು ಸಾಮಾನ್ಯವಾಗಿ ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುತ್ತವೆ. ಕಾಯಿಸದ ಹಾಲಿನಿಂದಲೂ, ಬರಿಗೈಯಲ್ಲಿ ಮಾಸು ತೆಗೆಯುವುದರಿಂದಲೂ ಅದು ಮನುಷ್ಯನಿಗೆ ಅಂಟಿ, ಬಿಟ್ಟು ಬಿಟ್ಟು ಬರುವ ಜ್ವರವನ್ನೂ ಕೀಲುನೋವನ್ನೂ ತರುತ್ತದೆ. ಇದರ ಹತೋಟಿಗಾಗಿ 2019ರಲ್ಲಿ ಮಥುರೆಯಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಮ್ಮೆ ಲಸಿಕೆ ಹಾಕುವ ಏರ್ಪಾಡಾಯಿತು. ಸ್ತುತ್ಯವಾದ ಕಾರ್ಯವೇ ಸರಿ.

ತೊಡಕಿರುವುದು ಲಸಿಕೆಯ ಸ್ವಭಾವದಲ್ಲಿ. ಎಸ್ 19 ಎಂಬ ಆ ಲಸಿಕೆ ಶಕ್ತಿಗುಂದಿದ ಜೀವಂತ ರೋಗಾಣುವೇ. ಅದರ ಹೊರಮೈಯ ಸಕ್ಕರೆಯ ಸರಪಳಿ ನಿಜವಾದ ರೋಗಾಣುವಿನದರಂತೆಯೇ ಇದೆ. ಗಾಜಿನ ಫಲಕದ ಮೇಲೆ ಒಂದು ಹನಿ ರಕ್ತಸಾರಕ್ಕೆ ಗುಲಾಬಿ ಬಣ್ಣದ ಒಂದು ಹನಿ ದ್ರಾವಣವನ್ನು ಬೆರೆಸಿ, 4 ನಿಮಿಷಗಳಲ್ಲಿ ಹರಳುಗಟ್ಟುವುದೇ ಎಂದು ನೋಡುವ ರೋಸ್ ಬೆಂಗಾಲ್ ಪರೀಕ್ಷೆ ಹುಡುಕುವುದು ಆ ಸರಪಳಿಗೆ ಎದುರಾಗಿ ಹುಟ್ಟಿದ ಪ್ರತಿಕಾಯಗಳನ್ನು. ಕಳ್ಳನೂ ಕಾವಲುಗಾರನೂ ಒಂದೇ ಉಡುಪಿನಲ್ಲಿ ಬಂದರೆ ಅದು ಏನು ಮಾಡೀತು?

ಇಬ್ಬರನ್ನೂ ಬೇರ್ಪಡಿಸುವುದು ಕಾಲ. ಸಕಾಲದಲ್ಲಿ ಲಸಿಕೆ ಪಡೆದ ಕರು ಒಂದೂವರೆ ವರುಷ ದಾಟುವ ಹೊತ್ತಿಗೆ ಪ್ರತಿಕಾಯಗಳು ಬಹುಮಟ್ಟಿಗೆ ಇಳಿದುಹೋಗುತ್ತವೆ. ಬೆಳೆದ ಹಸುವಿಗೆ ಚುಚ್ಚಿದರೆ ಬಹುಕಾಲ ಉಳಿಯುತ್ತವೆ. ಆದ್ದರಿಂದ ಎರಡು ಸೂಲು ಕಂಡ ಹಸುವಿನ ರಕ್ತ ಹರಳುಗಟ್ಟಿದಾಗ, ಕರುವಾಗಿದ್ದಾಗಿನ ಲಸಿಕೆಯನ್ನು ನೆಪ ಹೇಳುವವನನ್ನು ಸುಲಭವಾಗಿ ನಂಬಬಾರದು. ಕೆಲವು ವಾರಗಳ ನಂತರ ಮತ್ತೆ ಪರೀಕ್ಷಿಸಿ ಏರಿಳಿತವನ್ನು ನೋಡಬೇಕು. ಸ್ಪರ್ಧಾತ್ಮಕ ಎಲಿಸಾ ಪರೀಕ್ಷೆಯೂ ಒಂದಿಷ್ಟು ನೆರವಾಗುತ್ತದೆ. ಹಾಲಿನಿಂದಲೋ ಹಾಕಿದ ಕಂದಿನಿಂದಲೋ ರೋಗಾಣುವನ್ನೇ ಬೆಳೆಸಿ ಗುರುತಿಸಿದರಂತೂ ವಾದಕ್ಕೆಡೆಯಿಲ್ಲ.

ಸರಪಳಿಯಿಲ್ಲದ ಲಸಿಕೆಯೂ ಇದೆ. ಅಮೆರಿಕದಲ್ಲಿ 1996ರಿಂದ ಬಳಕೆಗೆ ಬಂದ ಆರ್‌ಬಿ 51 ರೂಢಿಯ ಪರೀಕ್ಷೆಗಳನ್ನು ಗೊಂದಲಕ್ಕೀಡುಮಾಡದು. ಆದರೆ ಅಲ್ಲಿ 2017ರಲ್ಲಿ ಹಸಿ ಹಾಲು ಕುಡಿದವರಿಗೆ ಆ ಲಸಿಕೆಯ ಅಣುವೇ ಅಂಟಿದಾಗ, ಮನುಷ್ಯರ ರಕ್ತಪರೀಕ್ಷೆಗೂ ಅದು ಸಿಕ್ಕುವಂತಿರಲಿಲ್ಲ. ಚಿಕಿತ್ಸೆಯ ಮುಖ್ಯ ಔಷಧಗಳಲ್ಲೊಂದಾದ ರಿಫಾಂಪಿಸಿನ್‌ಗೂ ಅದು ಬಗ್ಗದು. ಪಶುವೈದ್ಯನಿಗೆ ಅನುಕೂಲವಾದ ಮೌನವೇ ಮನುಷ್ಯವೈದ್ಯನಿಗೆ ಕಂಟಕವಾಯಿತು!

ಆದಕಾರಣ ಲಸಿಕೆಯಷ್ಟೇ ಮುಖ್ಯವಾದುದು ಲಸಿಕೆಯ ದಾಖಲೆ. 12 ಅಂಕಿಗಳ ಕಿವಿಯೋಲೆಯಿದ್ದೂ ಅದರೆದುರು ತಾರೀಖು ಬರೆಯದಿದ್ದರೆ ಆ ಓಲೆ ಬರಿಯ ಅಲಂಕಾರ. ಮುಂಬಯಿಯಿಂದ ಹಣ ಕಳುಹಿಸಿ ಊರಿನಲ್ಲಿ ಹಸು ಕೊಳ್ಳಿಸುವ ನಮ್ಮವರು, ಹಾಲೆಷ್ಟು, ಎಷ್ಟನೆಯ ಸೂಲು ಎಂದು ವಿಚಾರಿಸುವುದರೊಡನೆ ಲಸಿಕೆಯ ತಾರೀಖನ್ನೂ ವಿಚಾರಿಸಲಿ. ತಾರೀಖು ದೊರೆಯದ ಹಸುವನ್ನು, ಎರಡನೆಯ ಪರೀಕ್ಷೆಯ ಉತ್ತರ ಬರುವವರೆಗೆ, ಮನೆಯ ದನಗಳ ಜತೆಯಲ್ಲಿ ಕಟ್ಟದಿರಲಿ.