ಲಿಂಕ್ ಕೆಳಗಿದೆ, ಕಮಿಷನ್ ಎಲ್ಲಿದೆ?

ಉಳ್ಳಾಲದಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಹೋದವರಿಗೆ ಬ್ರೋಕರ್ ಮೊದಲು ಹೇಳುವುದು ಮನೆಯ ವಿಷಯವನ್ನಲ್ಲ. ‘ಒಂದು ತಿಂಗಳ ಬಾಡಿಗೆ ನಂಗೆ ಕೊಡ್ಬೇಕಾಗುತ್ತೆ ಸಾರ್’ ಎಂಬ ಮಾತು ಮೊದಲು, ಬೀಗದ ಕೈ ಆಮೇಲೆ. (ಇದು ರಾಣಿ ಅಬ್ಬಕ್ಕನ ಉಳ್ಳಾಲವಲ್ಲ, ಬೆಂಗಳೂರಿನ ಪಶ್ಚಿಮದಲ್ಲಿ, ಜ್ಞಾನಭಾರತಿ ಆವರಣದ ಆಚೆ, ಕೆಂಗೇರಿಗೆ ಈಚೆ ಇರುವ ಉಳ್ಳಾಲ.) ಬ್ರೋಕರ್‌ಗೆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರುವುದರಿಂದ, ಅವನು ಮನೆಯನ್ನು ಎಷ್ಟೇ ಹೊಗಳಲಿ, ಬಂದವರು ನಲ್ಲಿ ತಿರುಗಿಸಿ ಕಾವೇರಿ ನೀರು ಬರುತ್ತದೋ ಇಲ್ಲವೋ ತಾವೇ ನೋಡಿಕೊಳ್ಳುತ್ತಾರೆ.

ಅದೇ ಬಡಾವಣೆಯ ಪಿಜಿಗಳಲ್ಲಿ ಕುಳಿತ ಹುಡುಗ ಹುಡುಗಿಯರು ವೆಬ್‌ಸೈಟ್ ಮಾಡುವುದು ಹೇಗೆ, ವಿಡಿಯೊ ಎಡಿಟ್ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಕನ್ನಡದಲ್ಲಿ ಹುಡುಕುತ್ತಾರೆ. ‘ನಮಸ್ಕಾರ ಸ್ನೇಹಿತರೇ’ ಎಂದು ಶುರುವಾಗುವ ಹತ್ತು ನಿಮಿಷದ ವಿಡಿಯೊ ಸಿಗುತ್ತದೆ. ಕೊನೆಗೆ, ‘ಲಿಂಕ್ ಡಿಸ್ಕ್ರಿಪ್ಷನ್‌ನಲ್ಲಿದೆ, ಅಲ್ಲಿಂದಲೇ ತಗೊಳ್ಳಿ, ಡಿಸ್ಕೌಂಟ್ ಸಿಗುತ್ತೆ.’ ಆ ಲಿಂಕ್ ಒತ್ತಿ ಕೊಂಡರೆ ವಿಡಿಯೊ ಮಾಡಿದವರಿಗೂ ಒಂದು ಪಾಲು ಹೋಗುತ್ತದೆ ಎಂಬ ಮಾತು ಮಾತ್ರ ಎಷ್ಟೋ ಸಲ ಕನ್ನಡದಲ್ಲಿ ಬರುವುದೇ ಇಲ್ಲ. ಬಂದರೆ ಡಿಸ್ಕ್ರಿಪ್ಷನ್‌ನ ತಳದಲ್ಲಿ, ಇಂಗ್ಲಿಷಿನ ಒಂದೂವರೆ ಸಾಲಿನಲ್ಲಿ.

ಕಮಿಷನ್ ಪಡೆಯುವುದು ತಪ್ಪೇನಲ್ಲ. ಎಲ್‌ಐಸಿ ಏಜೆಂಟರನ್ನು, ಯಶವಂತಪುರ ಎಪಿಎಂಸಿಯ ಕಮಿಷನ್ ಮಂಡಿಗಳನ್ನು ಕಂಡ ಊರಿಗೆ ಇದು ಹೊಸದೂ ಅಲ್ಲ. ಅಂತರ್ಜಾಲದಲ್ಲಿ ಇದನ್ನು ದೊಡ್ಡ ಪ್ರಮಾಣಕ್ಕೆ ತಂದದ್ದು 1996ರಲ್ಲಿ ಶುರುವಾದ ಅಮೆಜಾನ್ ಅಸೋಸಿಯೇಟ್ಸ್. ಆದರೆ ಸಾಮಾನು ಮಾರಿಸುವುದಕ್ಕೂ ಸಾಫ್ಟ್‌ವೇರ್ ಮಾರಿಸುವುದಕ್ಕೂ ಲೆಕ್ಕ ಬೇರೆ. ಮಿಕ್ಸಿ ಮಾರುವವನಿಗೆ ಪ್ರತಿ ಮಿಕ್ಸಿಗೂ ತಯಾರಿಕೆಯ ಖರ್ಚಿದೆ. ಸಾಫ್ಟ್‌ವೇರ್‌ಗೆ ಸಾವಿರದ ಒಂದನೇ ಗಿರಾಕಿ ಬಂದರೆ ಹೆಚ್ಚುವರಿ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಮೊದಲ ವರ್ಷದ ಚಂದಾದ ಕಾಲು ಭಾಗವನ್ನೋ ಅರ್ಧವನ್ನೋ ಕರೆತಂದವರಿಗೆ ಕೊಟ್ಟರೂ ಕಂಪನಿಗೆ ನಷ್ಟವಿಲ್ಲ. ಸೆಮ್‌ರಷ್‌ನಂಥ ಸಾಫ್ಟ್‌ವೇರ್ ಸಂಸ್ಥೆ ಒಬ್ಬ ಹೊಸ ಚಂದಾದಾರನಿಗೆ 200 ಡಾಲರ್ ಕೊಟ್ಟದ್ದುಂಟು. ಅಮೆಜಾನ್ ಲಿಂಕ್ ಒತ್ತಿದವರು 24 ಗಂಟೆಯೊಳಗೆ ಕೊಂಡರೆ, ಇಲ್ಲವೇ ಕೊಳ್ಳಲೆಂದು ಕಾರ್ಟ್‌ಗೆ ಹಾಕಿಕೊಂಡರೆ ಮಾತ್ರ ಪಾಲು. ಸಾಫ್ಟ್‌ವೇರ್ ಕಂಪನಿಗಳು 30, 60, 90 ದಿನ ಕಾಯುತ್ತವೆ.

ಇದರ ಪರಿಣಾಮ ವೀಕ್ಷಕರ ಕಣ್ಣಿಗೆ ಬೀಳುವುದಿಲ್ಲ. ಯಾವ ವಿಡಿಯೊ ಮಾಡಬೇಕು ಎಂಬುದನ್ನು ಕಮಿಷನ್ನಿನ ದರ ಮೆಲ್ಲಗೆ ತೀರ್ಮಾನಿಸತೊಡಗುತ್ತದೆ. ಬ್ಲೆಂಡರ್, ಕೆಡೆನ್‌ಲೈವ್, ಆಡಾಸಿಟಿ, ಲಿಬ್ರೆಆಫೀಸ್ – ಈ ತಂತ್ರಾಂಶಗಳಿಗೆ ಬೆಲೆಯೇ ಇಲ್ಲ. ಬೆಲೆ ಇಲ್ಲದ್ದಕ್ಕೆ ಕಮಿಷನ್ ಎಲ್ಲಿಂದ ಬರಬೇಕು? 1998ರಲ್ಲಿ ಶೇಷಾದ್ರಿವಾಸು ಅವರು ಕನ್ನಡ ಬೆರಳಚ್ಚಿನ ತಂತ್ರಾಂಶ ‘ಬರಹ’ವನ್ನು ಉಚಿತವಾಗಿ ಕೊಟ್ಟಾಗ, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಾಗ, ಅವು ಕೈಯಿಂದ ಕೈಗೆ, ಸಿ.ಡಿ.ಯಿಂದ ಸಿ.ಡಿ.ಗೆ ಹರಡಿದವು. ಹಂಚಿದವರಿಗೆ ಬಿಡಿಗಾಸೂ ಬರಲಿಲ್ಲ. ಅಂಥ ತಂತ್ರಾಂಶ ಇವತ್ತು ಬಂದರೆ ಅದರ ಮೇಲೆ ಹತ್ತು ನಿಮಿಷದ ವಿಡಿಯೊ ಮಾಡುವವರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಉತ್ತರ ಹಿತವಾಗಿರಲಾರದು.

ಬೆಂಗಳೂರಿನದೇ ಒಂದು ಉದಾಹರಣೆ ಈ ವ್ಯಾಪಾರದ ಒಳಗಣ ಲೆಕ್ಕವನ್ನು ಚೆನ್ನಾಗಿ ತೋರಿಸುತ್ತದೆ. ಷೇರು ವಹಿವಾಟಿನ ಝೆರೋಧಾ 2010ರಲ್ಲಿ ಇಲ್ಲಿ ಶುರುವಾಯಿತು. ಜಾಹೀರಾತಿಗೆ ಸುರಿಯದೆ, ಪರಿಚಯಿಸಿದವರಿಗೆ ದಲ್ಲಾಳಿ ಶುಲ್ಕದ ಶೇ 10ರಷ್ಟು ಕೊಡುವ ಏರ್ಪಾಡು ಅದಕ್ಕಿತ್ತು. ಕೊಂಡು ಇಟ್ಟುಕೊಳ್ಳುವ ಷೇರುಗಳಿಗೆ ಅಲ್ಲಿ ದಲ್ಲಾಳಿ ಶುಲ್ಕವೇ ಇಲ್ಲ. ಅದೇ ದಿನ ಕೊಂಡು ಮಾರಿದರೆ ಅಥವಾ ಫ್ಯೂಚರ್ಸ್, ಆಪ್ಷನ್ಸ್‌ಗೆ ಇಳಿದರೆ ಆರ್ಡರ್‌ಗೆ ಆಗ ಗರಿಷ್ಠ 20 ರೂಪಾಯಿ ಇತ್ತು. ಅಂದರೆ ಹತ್ತು ವರ್ಷ ಷೇರು ಇಟ್ಟುಕೊಂಡು ಸುಮ್ಮನಿರುವ ಗಿರಾಕಿಯಿಂದ ಪರಿಚಯಿಸಿದವರಿಗೆ ಸೊನ್ನೆ; ದಿನಕ್ಕೆ ಇಪ್ಪತ್ತು ಆರ್ಡರ್ ಹಾಕುವ ಚಡಪಡಿಕೆಯ ಗಿರಾಕಿಯಿಂದ ನಾಲ್ವತ್ತು ರೂಪಾಯಿಯವರೆಗೆ. ಕಂಪನಿ ಯಾರಿಗೂ ‘ಆಪ್ಷನ್ಸ್ ಹೊಗಳಿ’ ಎಂದು ಹೇಳಬೇಕಾಗಿಲ್ಲ, ಈ ಲೆಕ್ಕವೇ ಸಾಕು. 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್ ವಿಭಾಗದಲ್ಲಿ ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ ಶೇ 93 ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಎಂದು ಷೇರುಪೇಟೆಯ ನಿಯಂತ್ರಕ ಸೆಬಿಯ ಅಧ್ಯಯನವೇ ಹೇಳಿತು. ಅಧಿಕೃತ ವ್ಯಕ್ತಿಗಳಾಗಿ ನೋಂದಾಯಿಸಿಕೊಳ್ಳದವರಿಗೆ ಶುಲ್ಕದ ಪಾಲು ಕೊಡುವಂತಿಲ್ಲ ಎಂದು 2024ರಲ್ಲಿ ಬಿಗಿ ಮಾಡಿದ ಮೇಲೆ ಆ ಬಾಗಿಲು ಮುಚ್ಚಿತು.

ಷೇರುಪೇಟೆಗೆ ಸೆಬಿ ಇದೆ. ಮಿಕ್ಕ ಸಾಫ್ಟ್‌ವೇರ್‌ಗೆ?

ನಿಯಮ ಇಲ್ಲದೆ ಇಲ್ಲ. ಜಾಹೀರಾತು ಮಾನದಂಡ ಮಂಡಳಿಯ ಮಾರ್ಗಸೂಚಿ 2021ರ ಜೂನ್‌ನಿಂದ ಇದೆ. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಮಾರ್ಗದರ್ಶಿ ಇನ್ನಷ್ಟು ಸ್ಪಷ್ಟ: ಹಣ ಅಥವಾ ಬೇರೆ ಲಾಭದ ಸಂಬಂಧವಿದ್ದರೆ ಅದನ್ನು ವಿಡಿಯೊದೊಳಗೇ ಹೇಳಬೇಕು, ಡಿಸ್ಕ್ರಿಪ್ಷನ್‌ನಲ್ಲಿ ಬರೆದರೆ ಸಾಲದು, ಕಣ್ಣಿಗೂ ಕಾಣಬೇಕು, ಕಿವಿಗೂ ಕೇಳಬೇಕು, ಯಾವ ಭಾಷೆಯಲ್ಲಿ ಶಿಫಾರಸು ಮಾಡಿದರೋ ಅದೇ ಭಾಷೆಯಲ್ಲಿ ಇರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಪ್ರಚಾರಕ್ಕೆ 10 ಲಕ್ಷ ರೂಪಾಯಿಯವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ಕನ್ನಡ ವಿಡಿಯೊದ ಕೆಳಗಿನ ಇಂಗ್ಲಿಷ್ ಒಕ್ಕಣೆ ಈ ಮಾರ್ಗದರ್ಶಿಯ ಪ್ರಕಾರ ಘೋಷಣೆಯೇ ಅಲ್ಲ. ನಾಮಫಲಕದಲ್ಲಿ ಕನ್ನಡ ಶೇ 60ರಷ್ಟು ಇರಬೇಕೆಂದು ಬೀದಿಗಿಳಿದ ರಾಜ್ಯದಲ್ಲಿ ಈ ಕನ್ನಡದ ಹಕ್ಕನ್ನು ಯಾರೂ ಕೇಳಿದಂತಿಲ್ಲ.

ಇಷ್ಟು ಹೇಳಿ ವಿಡಿಯೊ ಮಾಡುವವರ ಕಡೆಗೆ ನೋಡದಿದ್ದರೆ ಅನ್ಯಾಯವಾದೀತು. ಯೂಟ್ಯೂಬ್ ಜಾಹೀರಾತು ಹಣದಲ್ಲಿ ಶೇ 55 ಕೊಡುತ್ತದೆ, ನಿಜ. ಆದರೆ ಸಾವಿರ ಚಂದಾದಾರರು, ನಾಲ್ಕು ಸಾವಿರ ಗಂಟೆಗಳ ವೀಕ್ಷಣೆ ದಾಟಿದ ಮೇಲೆ. ಅಷ್ಟಾದರೂ ಕನ್ನಡ ವೀಕ್ಷಕರ ಮುಂದೆ ಬೀಳುವ ಜಾಹೀರಾತಿನ ದರ ಅಮೆರಿಕದ ದರದ ಹತ್ತಿರಕ್ಕೂ ಸುಳಿಯುವುದಿಲ್ಲ. ಒಂದು ಕಷ್ಟದ ವಿಷಯವನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ವಾರ ಹಿಡಿಯುತ್ತದೆ; ಆ ವಾರದ ಕೂಲಿ ಲಿಂಕಿನಿಂದ ಬರಬೇಕು. ಆ ಲಿಂಕೂ ಭದ್ರವಲ್ಲ. ಪೇಪಾಲ್ ಒಡೆತನದ ‘ಹನಿ’ ಎಂಬ ಕೂಪನ್ ಹುಡುಕುವ ಉಪಕರಣವನ್ನು ಯೂಟ್ಯೂಬರ್‌ಗಳೇ ಹಣ ಪಡೆದು ಪ್ರಚಾರ ಮಾಡಿದ್ದರು. ಕೊನೆಯ ಕ್ಲಿಕ್ ಯಾರದೋ ಅವರಿಗೇ ಕಮಿಷನ್ ಎಂಬ ನಿಯಮವನ್ನು ಬಳಸಿಕೊಂಡು, ಹಣ ಕಟ್ಟುವ ಹೊತ್ತಿಗೆ ಯೂಟ್ಯೂಬರ್‌ಗಳ ಗುರುತು ಅಳಿಸಿ ಅದು ತನ್ನ ಗುರುತು ಹಚ್ಚುತ್ತಿತ್ತು ಎಂಬ ಆರೋಪ 2024ರ ಡಿಸೆಂಬರ್‌ನಲ್ಲಿ ಹೊರಬಿತ್ತು, ಮೊಕದ್ದಮೆಗಳೂ ಹೂಡಲ್ಪಟ್ಟವು.

ನಮ್ಮ ನೆಲದ ತೊಡಕುಗಳು ಬೇರೆ ಇವೆ. ತಿಂಗಳು ತಿಂಗಳು ಬರುವ ಕಮಿಷನ್ ಎಂಬ ಕನಸು ಗಿರಾಕಿಯ ಕಾರ್ಡ್‌ನಿಂದ ಚಂದಾ ತಾನಾಗಿ ಕಡಿತವಾಗುವುದನ್ನು ನಂಬಿದೆ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ಇದಕ್ಕೆ ಗಿರಾಕಿಯ ಮುಂಚಿತ ಒಪ್ಪಿಗೆ ಕಡ್ಡಾಯ ಮಾಡಿದಾಗ ಎಷ್ಟೋ ವಿದೇಶಿ ಚಂದಾಗಳು ಕಡಿದುಬಿದ್ದವು. ಮಧ್ಯವರ್ತಿ ಸೇವೆಗೆ ರಫ್ತಿನ ವಿನಾಯಿತಿ ಸಿಗದ ಕಾರಣ, ಡಾಲರಿನಲ್ಲಿ ಬಂದ ಕಮಿಷನ್ನಿಗೂ ಜಿಎಸ್‌ಟಿ ಕಟ್ಟಬೇಕೇ ಎಂಬ ಗೊಂದಲ ವರ್ಷಗಟ್ಟಲೆ ಕಾಡಿತು. ವಿನಾಯಿತಿಗೆ ಅಡ್ಡವಾಗಿದ್ದ ಕಲಮನ್ನು ತೆಗೆಯಲು ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಅದೇ ವರ್ಷ ಏರ್‌ಟೆಲ್ ತನ್ನ 36 ಕೋಟಿ ಗಿರಾಕಿಗಳಿಗೆ ಪರ್ಪ್ಲೆಕ್ಸಿಟಿ ಪ್ರೊವನ್ನು ಒಂದು ವರ್ಷ, ಜಿಯೋ ಜೆಮಿನಿ ಒಳಗೊಂಡ ಗೂಗಲ್ ಎಐ ಪ್ರೊವನ್ನು 18 ತಿಂಗಳು ಪುಕ್ಕಟೆ ಕೊಡುವುದಾಗಿ ಸಾರಿದವು. ‘ಈ ಎಐ ಟೂಲ್‌ಗೆ ಇಪ್ಪತ್ತು ಡಾಲರ್ ಕೊಡಿ, ಲಿಂಕ್ ಕೆಳಗಿದೆ’ ಎನ್ನುತ್ತಿದ್ದವರ ಅಂಗಡಿಯ ಪಕ್ಕದಲ್ಲೇ ಅಂಥದೇ ಸರಕನ್ನು ಲಾರಿಯಲ್ಲಿ ತಂದು ಸುರಿದಂತಾಯಿತು.

ಹೀಗೆ ಒಂದೊಂದೇ ದಾರಿ ಕಿರಿದಾದಾಗ ಉಳಿಯುವುದು ವೆಬ್‌ಸೈಟ್‌ಗೆ ಜಾಗ ಕೊಡುವ ಹೋಸ್ಟಿಂಗ್‌ನಂಥ, ರೂಪಾಯಿಯಲ್ಲೇ ಒಂದೇ ಸಲ ದುಡ್ಡು ಕಟ್ಟಿಸಿಕೊಳ್ಳುವ ಸರಕು. ಅದರ ಲೆಕ್ಕವೂ ಸ್ವಾರಸ್ಯವಾಗಿದೆ. ಜಾಹೀರಾತಿನಲ್ಲಿ ಕಾಣುವ ತಿಂಗಳ ಕಡಿಮೆ ದರ ಸಾಮಾನ್ಯವಾಗಿ ಮೂರು–ನಾಲ್ಕು ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಮಾತ್ರ. ನವೀಕರಣದ ದರ ಅದಕ್ಕಿಂತ ಎಷ್ಟೋ ಮೇಲೆ. ಕಮಿಷನ್ ಒಟ್ಟು ಬಿಲ್ಲಿನ ಶೇಕಡಾವಾರಿನಲ್ಲಿದ್ದರೆ ‘ನಾಲ್ಕು ವರ್ಷದ ಪ್ಲಾನ್ ತಗೊಳ್ಳಿ, ಅದೇ ಲಾಭ’ ಎಂಬ ಸಲಹೆ ಯಾರಿಗೆ ಲಾಭ ಎಂದು ಕೇಳಬೇಕಾಗುತ್ತದೆ. ಮಲ್ಲತ್ತಹಳ್ಳಿಯ ಅಂಬೇಡ್ಕರ್ ತಾಂತ್ರಿಕ ಸಂಸ್ಥೆಯಲ್ಲೋ ಮೈಸೂರು ರಸ್ತೆಯ ಆರ್.ವಿ. ಕಾಲೇಜಿನಲ್ಲೋ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗೆ ನಾಲ್ಕು ಪುಟದ ವೆಬ್‌ಸೈಟ್ ಬೇಕಾಗಿರುತ್ತದೆ, ಅಷ್ಟೆ. ಅದಕ್ಕೆ ಗಿಟ್‌ಹಬ್ ಪೇಜಸ್ ಸಾಕು, ದುಡ್ಡಿಲ್ಲ, ಕಮಿಷನ್ನೂ ಇಲ್ಲ. ವಿಡಿಯೊ ನೋಡಿ ಕೆಳಗಿನ ಲಿಂಕ್ ಒತ್ತಿದವರ ಪ್ರಾಜೆಕ್ಟ್ ವೈವಾ ಜೂನ್‌ನಲ್ಲಿ ಮುಗಿಯುತ್ತದೆ. ಹೋಸ್ಟಿಂಗ್ ಇನ್ನೂ ಮೂರೂವರೆ ವರ್ಷ ಇರುತ್ತದೆ.