ಎತ್ತಿನ ಪಾಲು

ಮಲೆನಾಡಿನ ಹಳೆಯ ಮನೆಗಳಲ್ಲಿ ಉಳುಮೆಯ ಕಾಲಕ್ಕೆ ಒಲೆಯ ಮೇಲೆ ಹಂಡೆಗಟ್ಟಲೆ ಹುರುಳಿ ಬೇಯುತ್ತಿತ್ತು. ಬೆಂದ ಕಾಳು ಎತ್ತುಗಳ ಬಾನಿಗೆ, ಬಸಿದ ನೀರು ಅಡುಗೆಮನೆಗೆ. ಆ ಕಟ್ಟನ್ನು ಬತ್ತಿಸಿ, ಹುಣಸೆಹುಳಿ ಹಿಂಡಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಹುರುಳಿ ಕಟ್ಟಿನ ಸಾರು. ರುಚಿಗೆ ಸಾಟಿಯಿಲ್ಲ, ಒಪ್ಪೋಣ. ಲೆಕ್ಕಕ್ಕೆ ಕೂತರೆ ಮಾತ್ರ, ನೇಗಿಲು ಎಳೆದವನಿಗೆ ಪ್ರೋಟೀನ್ ಸಿಕ್ಕಿತು, ನೇಗಿಲು ಹಿಡಿದವನಿಗೆ ಬಹುಪಾಲು ಅದರ ಘಮ.

ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಅಭ್ಯಾಸ ಹೋಗಲಿಲ್ಲ. ಇವತ್ತಿಗೂ ಅನ್ನದ ಗುಡ್ಡದ ನೆತ್ತಿಗೆ ಬೀಳುವುದು ಸಾರಿನ ತಿಳಿಯೇ. ಸೌಟು ತಳ ಮುಟ್ಟುವುದಿಲ್ಲ. ನಾಲ್ವರಿಗೆ ಒಂದು ಹಿಡಿ ತೊಗರಿಬೇಳೆ ಬೇಯಿಸುವ ಮನೆಯಲ್ಲಿ, ಜಿಮ್‌ನಿಂದ ಬಂದ ಮಗ ‘ನಮ್ಮ ಊಟದಲ್ಲಿ ಪ್ರೋಟೀನೇ ಇಲ್ಲ’ ಎಂದು ದುಬಾರಿ ಪುಡಿ ಕಲಕುತ್ತಾನೆ. ಅವನ ಮಾತು ಅರ್ಧ ನಿಜ. ತಟ್ಟೆಯಲ್ಲಿ ಇಲ್ಲ, ಅದೇ ಅಡುಗೆಮನೆಯ ಗೂಡಿನ ಡಬ್ಬಿಗಳಲ್ಲಿ ಧಾರಾಳವಾಗಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ, ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕು. 65 ಕಿಲೋ ಗಂಡಸಿಗೆ 54 ಗ್ರಾಂ, 55 ಕಿಲೋ ಹೆಂಗಸಿಗೆ ಸುಮಾರು 46. ಬಸುರಿ, ಬಾಣಂತಿಯರಿಗೆ ಇನ್ನಷ್ಟು ಬೇಕು. ಈಗ ಒಂದು ದಿನದ ಊಟ ತೂಗಿ ನೋಡಬಹುದು. 350 ಗ್ರಾಂ ಅಕ್ಕಿಯ ಅನ್ನ, ತಲೆಗೆ 20 ಗ್ರಾಂ ಬೇಳೆಯ ಸಾರು: ಎರಡೂ ಸೇರಿ 32 ಗ್ರಾಂ ದಾಟುವುದು ಕಷ್ಟ. ಅಕ್ಕಿಯನ್ನು 150 ಗ್ರಾಂಗೆ ಇಳಿಸಿ 100 ಗ್ರಾಂ ರಾಗಿ ಹಿಟ್ಟಿನ ಮುದ್ದೆ ಸೇರಿಸಿದರೆ 19. ಅದರ ಜೊತೆ ಬೇಳೆಕಾಳು ಸೇರಿ 85 ಗ್ರಾಂ, ಅಂದರೆ ಮತ್ತೆ 19. ಒಂದು ಹಿಡಿ ಕಡಲೆಕಾಯಿಬೀಜಕ್ಕೆ 8. ಹಾಲು ಮೊಸರು ಮುಟ್ಟದೆಯೇ 46 ಆಯಿತು. ಸೊಪ್ಪು ತರಕಾರಿಯದು ಬೇರೆ. ಈ 85 ಗ್ರಾಂ ಮಂಡಳಿಯ 2024ರ ಆಹಾರ ಮಾರ್ಗಸೂಚಿಯ ಅಳತೆ; ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆಕಾಳು ಎನ್ನುತ್ತದೆ ಅದು. ಎಷ್ಟು ಮನೆಗಳಲ್ಲಿ ಆ ಒಂದು ಪಾಲು ನಿಜಕ್ಕೂ ಒಂದು ಪಾಲಾಗಿದೆ?

ಪಾಲಿನ ಹಿಂದೆ ಒಂದು ಕಾರಣವಿದೆ. ಅಕ್ಕಿ, ರಾಗಿ, ಜೋಳಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಕಾಳುಗಳಲ್ಲಿ ಅದು ಹೇರಳ, ಆದರೆ ಅಲ್ಲಿ ಮೆಥಿಯೋನಿನ್ ಕೊರತೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎರಡನ್ನೂ ಒಂದೇ ಹೊತ್ತಿಗೆ ಲೆಕ್ಕವಿಟ್ಟು ತಿನ್ನಬೇಕೆಂಬ ನಂಬಿಕೆಯನ್ನು ಹಬ್ಬಿಸಿದ್ದು ಅಮೆರಿಕದ ಫ್ರಾನ್ಸಿಸ್ ಮೂರ್ ಲಪೇ 1971ರಲ್ಲಿ ಬರೆದ ಪುಸ್ತಕ. ಹತ್ತು ವರ್ಷದ ಬಳಿಕ ಆಕೆಯೇ ಅದನ್ನು ತಿದ್ದಿಕೊಂಡರು. ಬೆಳಗ್ಗೆ ರೊಟ್ಟಿ, ರಾತ್ರಿ ಕಾಳುಪಲ್ಯ ಆದರೂ ದೇಹ ಜೋಡಿಸಿಕೊಳ್ಳುತ್ತದೆ. ಪುಸ್ತಕದ ಹಂಗಿಲ್ಲದೆಯೇ ಇಡ್ಲಿಗೆ ಉದ್ದು ಹಾಕಿದವರು, ಜೋಳದ ರೊಟ್ಟಿಗೆ ಮಡಿಕೆಕಾಳು, ಶೇಂಗಾ ಹಿಂಡಿ ಕೊಟ್ಟವರು ಇಲ್ಲಿದ್ದರು.

ಲೈಸಿನ್ ಎಷ್ಟು ಬೇಕೆಂಬ ಪ್ರಶ್ನೆಗೆ ಉತ್ತರ ಬದಲಾದದ್ದರಲ್ಲಿ ಬೆಂಗಳೂರಿನ ಕೈಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 1985ರ ವರದಿಯಲ್ಲಿ ಅದು ಕಿಲೋ ತೂಕಕ್ಕೆ 12 ಮಿಲಿಗ್ರಾಂ. 2007ರ ವರದಿಯಲ್ಲಿ 30. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಮತ್ತು ಜೊತೆಗಾರರು ಭಾರತೀಯರ ಮೇಲೆ ನಡೆಸಿದ ಅಧ್ಯಯನಗಳು ಈ ಏರಿಕೆಗೆ ಆಧಾರವಾದವುಗಳಲ್ಲಿ ಸೇರಿವೆ. ಅನ್ನವನ್ನೇ ನೆಚ್ಚಿದವರಿಗೆ ಇದು ಸಣ್ಣ ಸುದ್ದಿಯಲ್ಲ. ಅದೇ ಬಳಗ ಇನ್ನೊಂದನ್ನೂ ಅಳೆಯಿತು: ಹೆಸರುಕಾಳಿನ ಅಮೈನೋ ಆಮ್ಲಗಳಲ್ಲಿ ದೇಹಕ್ಕೆ ದಕ್ಕುವುದು ಶೇ. 63ರಷ್ಟು, ಸಿಪ್ಪೆ ತೆಗೆದರೆ ಶೇ. 71ರಷ್ಟು. ಅವರೆಕಾಳು ನೆನೆಸಿ, ಬೆರಳ ತುದಿಯಲ್ಲಿ ಒಂದೊಂದೇ ಹಿತುಕಿ ರಾಶಿ ಹಾಕುವ ಹಳೇ ಮೈಸೂರಿನ ಹೆಂಗಸರು ಇದನ್ನು ಓದಿದರೆ ನಕ್ಕಾರು. ನಾರು ಬೇಕೆನ್ನುವವರು ಸಿಪ್ಪೆಯನ್ನೂ ತಿನ್ನಲಿ, ಜಗಳವಿಲ್ಲ.

ಹಾಲನ್ನೂ ಬಿಟ್ಟವರಿಗೆ ಒಂದು ಮಾತು: ಬಿ12 ಜೀವಸತ್ವ ಗಿಡಗಳಲ್ಲಿ ನೆಚ್ಚುವಷ್ಟು ಸಿಗುವುದಿಲ್ಲ. ಅದಕ್ಕೆ ಮಾತ್ರೆಯೋ, ಬಿ12 ಸೇರಿಸಿದ ಆಹಾರವೋ ಬೇಕೇ ಬೇಕು. ಕಾಳಿನ ಮಹಿಮೆ ಅಲ್ಲಿ ನಡೆಯದು.

ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ ಈ ಪ್ರೋಟೀನ್ ಲೆಕ್ಕದ ಹಿಂದೆ ಬಿದ್ದಿತ್ತು. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಕ್ಕಾಲು, ಕಡಲೆ ಹಿಟ್ಟು ಕಾಲು ಪಾಲು ಬೆರೆಸಿ, ಜೀವಸತ್ವ ಸೇರಿಸಿ ‘ಮಲ್ಟಿಪರ್ಪಸ್ ಫುಡ್’ ಎಂಬ ಅಗ್ಗದ ಪ್ರೋಟೀನ್ ಪುಡಿ ಮಾಡಿತು. ಗಾಣದ ಹಿಂಡಿ ಎಂದರೆ ಆಗಿನ ಹಳ್ಳಿಗರಿಗೆ ದನದ ಮೇವು. ಅಲ್ಲೂ ವಿಜ್ಞಾನಿಗಳು ಕೈ ಹಾಕಿದ್ದು ಎತ್ತಿನ ಪಾಲಿಗೇ.

ಮನುಷ್ಯರ ಪಾಲು ಹೆಚ್ಚಿಸಲು ಪ್ರಯೋಗಾಲಯ ಬೇಕಿಲ್ಲ. ಬಸ್ಸಾರಿನ ದಿನ ಕಾಳುಸೊಪ್ಪಿನ ಪಲ್ಯವನ್ನು ತಟ್ಟೆಯಂಚಿಗೆ ಸರಿಸದೆ ಮುದ್ದೆಯಷ್ಟೇ ಬಡಿಸಬಹುದು. ಉಪ್ಪಿಟ್ಟಿನ ಪಕ್ಕ ಒಂದು ಬಟ್ಟಲು ಉಸಲಿ ಇಡಬಹುದು. ಮದುವೆಮನೆಯ ಬಾಳೆಲೆಯಲ್ಲಿ ಹೆಸರುಬೇಳೆ ಕೋಸಂಬರಿಗೆ ಸಿಗುವುದು ಒಂದು ಚಮಚದ ಜಾಗ. ಇನ್ನೊಮ್ಮೆ ಕೇಳಿದರೆ ಬಡಿಸುವವನು ಅಷ್ಟರಲ್ಲಿ ಮುಂದಿನ ಸಾಲಿಗೆ ಹೋಗಿರುತ್ತಾನೆ, ಅನ್ನದವನು ಮಾತ್ರ ಮೂರು ಸಲ ಬರುತ್ತಾನೆ. ದೊನ್ನೆ ತುಂಬ ಕೋಸಂಬರಿ ಬೇಕೆಂದರೆ ರಾಮನವಮಿಯ ತನಕ ಕಾಯಬೇಕು.