ಇಬ್ಬರಿಗೂ ನಲವತ್ತು

ಅನ್ಯರ ಉತ್ತರಪತ್ರಿಕೆಗಳಿಗೆ ಅಂಕ ಹಾಕುವುದು ನನ್ನ ವೃತ್ತಿ. ಕಳೆದ ಆಷಾಢದಲ್ಲಿ ನನ್ನ ಭುಜಕ್ಕೇ ಅಂಕ ಬೀಳುವ ಕಾಲ ಬಂದಿತು. ಬಲಭುಜ ಬಿಗಿದುಕೊಂಡು, ಕರಿಹಲಗೆಯ ಮೇಲ್ಸಾಲು ಕೈಗೆಟುಕದಂತಾಗಿತ್ತು. ನಮ್ಮ ತಾಯಿಯವರ ಮೊಣಕಾಲು ನೋವೂ ಅದೇ ಸಮಯಕ್ಕೆ ಉಲ್ಬಣಿಸಿದ್ದರಿಂದ ಇಬ್ಬರೂ ಒಟ್ಟಿಗೇ ಫಿಸಿಯೋಥೆರಪಿಯವರ ಬಳಿಗೆ ಹೋದೆವು. ಮುಟ್ಟಿ ನೋಡುವುದಕ್ಕೆ ಮೊದಲೇ ಅವರು ನಮ್ಮ ಕೈಗೆ ಒಂದೊಂದು ಪ್ರಶ್ನಪತ್ರಿಕೆಯನ್ನಿತ್ತರು.

ನನಗೆ ದೊರೆತುದು 1996ರಲ್ಲಿ ಅಮೆರಿಕ, ಕೆನಡಾಗಳ ತಜ್ಞರು ಪ್ರಕಟಿಸಿದ ‘ಡ್ಯಾಶ್’. ಒಟ್ಟು 30 ಪ್ರಶ್ನೆ. ಬಿಗಿಯಾದ ಮುಚ್ಚಳ ತೆರೆಯಬಲ್ಲಿರಾ? ಕೀಲಿಕೈ ತಿರುಗಿಸಬಲ್ಲಿರಾ? ತಲೆಯ ಮೇಲಿನ ಬಲ್ಬು ಬದಲಾಯಿಸಬಲ್ಲಿರಾ? ಯಾವ ಕೈಯಿಂದ ಎಂಬ ವಿಚಾರ ಮಾತ್ರ ಅದಕ್ಕೆ ಬೇಡ. ಎಡಗೈಯಿಂದ ಬೀಗ ತೆಗೆದ ನಾನೂ ‘ಕಷ್ಟವಿಲ್ಲ’ವೆಂದೇ ಗುರುತು ಹಾಕಬೇಕಾಯಿತು. 1991ರ ‘ಸ್ಪಾಡಿ’ ಹಾಗಲ್ಲ. ಅದರ 13 ಪ್ರಶ್ನೆಗಳು ನೊಂದ ಭುಜವನ್ನೇ ಹಿಡಿದು ಕೇಳುತ್ತವೆ. ಆ ಮಗ್ಗುಲಾಗಿ ಮಲಗಿದರೆ ನೋವೆಷ್ಟು, ಬೆನ್ನು ತೊಳೆಯಲು ಕಷ್ಟವೆಷ್ಟು, ಹಿಂದಿನ ಜೇಬಿಗೆ ಕೈ ಹೋಗುವುದೇ? ಭುಜದ ಸಂಗತಿಯನ್ನರಿಯಲು ಇದೇ ಮೇಲೆಂದು ನನ್ನ ಅಭಿಪ್ರಾಯ. ‘ಡ್ಯಾಶ್’ನಿಂದ ತಿಳಿಯುವುದು ಮನುಷ್ಯ ಹೇಗೋ ಸಂಸಾರ ತೂಗಿಸುತ್ತಿದ್ದಾನೆಯೇ ಎಂಬುದು, ಅದೂ ತಿಳಿಯಬೇಕಾದುದೇ ಅನ್ನಿ.

ತಾಯಿಯವರದು ಕಾಲಿಗೆ ಸಂಬಂಧಿಸಿದ ‘ಲೆಫ್ಸ್’. 1999ರದು, 20 ಪ್ರಶ್ನೆ, ಒಂದೊಂದಕ್ಕೆ 4 ಅಂಕ. ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ವೇಗವಾಗಿ ಓಡುತ್ತ ಥಟ್ಟನೆ ತಿರುಗಬಲ್ಲಿರಾ ಎಂಬುದನ್ನು ಕೇಳಿ ಅವರು ಸೆರಗು ಬಾಯಿಗೊತ್ತಿ ನಕ್ಕರು. ಹತ್ತು ಮೆಟ್ಟಿಲು ಹತ್ತಿಳಿಯಲು ಕಷ್ಟವೇ ಎಂದುದಕ್ಕೆ, “ಇಲ್ಲವಲ್ಲ” ಎಂದರು.

“ಅಮ್ಮ, ಹಪ್ಪಳ ಒಣಗಿಸಲು ನೀನು ಮಾಳಿಗೆಗೆ ಹೋಗಿ ಒಂದು ವರ್ಷವಾಯಿತು.”

“ಹತ್ತುವುದನ್ನೇ ಬಿಟ್ಟ ಮೇಲೆ ಕಷ್ಟ ಎಲ್ಲಿಂದ ಬರಬೇಕಪ್ಪಾ?”

ಶಸ್ತ್ರಚಿಕಿತ್ಸೆಯ ಭಯ, ಮಗನ ಕೈಯ ಖರ್ಚಿನ ಚಿಂತೆ, ಎರಡೂ ಆ ‘ಇಲ್ಲ’ದೊಳಗೆ ಅಡಗಿದ್ದವು. ಪತ್ರಿಕೆ ರಚಿಸಿದವರು ಇಂಥ ತಾಯಂದಿರನ್ನು ಕಂಡಿದ್ದರೇನೋ. ಕಷ್ಟವಾಗುತ್ತಿದೆಯೇ ಎಂದಷ್ಟೇ ಅಲ್ಲ, ಮಾಡಹೋದರೆ ಕಷ್ಟವಾದೀತೇ ಎಂದೂ ಕೇಳಿದ್ದಾರೆ. ಅದನ್ನು ಒತ್ತಿ ಓದಿದೆ. ಬಹಳ ಹೊತ್ತು ಸುಮ್ಮನಿದ್ದು, ಒಂದೊಂದಾಗಿ ಉತ್ತರಗಳನ್ನು ತಿದ್ದಿಸಿದರು.

ಕೂಡಿಸಿದಾಗ ಅವರಿಗೆ 40, ನನಗೂ 40. “ಇಬ್ಬರದೂ ಸಮ” ಎಂದು ಅವರಿಗೆ ಸಮಾಧಾನ. ಆದರೆ ‘ಡ್ಯಾಶ್’ನಲ್ಲಿ ಸೊನ್ನೆಯೇ ಆರೋಗ್ಯ, 100 ತೀರ ಅಸಹಾಯಕತೆ, ‘ಲೆಫ್ಸ್’ನಲ್ಲಿ 80 ಬಂದರೆ ಕಾಲು ಗಟ್ಟಿ. ನಾನು ಇಳಿಯಬೇಕು, ಅವರು ಏರಬೇಕು.

ಆರು ವಾರಗಳ ವ್ಯಾಯಾಮದ ಬಳಿಕ ಅವರಿಗೆ 46 ಬಂದಿತು. 9 ಅಂಕವಾದರೂ ಏರದೆ ನಿಜವಾದ ಬದಲಾವಣೆಯೆಂದು ನಂಬಲಾಗದೆಂದು ಫಿಸಿಯೋಥೆರಪಿಯವರು ಮೆಲ್ಲನೆ ತಿಳಿಸಿದರು. ತಾಯಿಯವರು ಹಾಳೆಯನ್ನು ತಿರುವಿ ನೋಡಿ, “ಮಣೆಯ ಮೇಲೆ ಕೂತು ಏಳುವುದನ್ನು ಇದರಲ್ಲಿ ಕೇಳಿಯೇ ಇಲ್ಲವಲ್ಲ” ಎಂದರು. ಕುಕ್ಕರುಗಾಲಿನ ಮಾತುಂಟು, ಒಂದು ಗಂಟೆ ಕೂರುವ ಮಾತುಂಟು, ಚಕ್ಕಳಮಕ್ಕಳದ ಮಾತಿಲ್ಲ. ಫಿಸಿಯೋಥೆರಪಿಯವರು ಅಂಚಿನಲ್ಲಿ ಅದನ್ನು ಬರೆದುಕೊಂಡರು. ಈಗ ದಿನವೂ ಸಂಜೆ ಗೋಡೆ ಹಿಡಿದು ಅದರ ಅಭ್ಯಾಸ ನಡೆಯುತ್ತಿದೆ. ಆಸರೆಗೆ ನನ್ನ ಎಡಗೈ.